ಬಾಗಿಲಿಗೂ ಬೀದಿಗೂ ನಡುವಿನ ನಾಲ್ಕು ಅಡಿ

ಮನೆ ಕಟ್ಟಿಸಲು ಬಂದವರು ನನ್ನ ಮುಂದೆ ಇಡುವ ಪಟ್ಟಿ ಹೆಚ್ಚುಕಡಿಮೆ ಒಂದೇ ತರ ಇರುತ್ತದೆ. ಮೂರು ಬೆಡ್‌ರೂಮು, ಈಶಾನ್ಯಕ್ಕೆ ದೇವರ ಕೋಣೆ, ಎರಡು ಕಾರು ನಿಲ್ಲುವಷ್ಟು ಜಾಗ, ಎತ್ತರದ ಕಾಂಪೌಂಡು. ಎಲ್ಲ ಬರೆದುಕೊಂಡ ಮೇಲೆ ನಾನೊಂದು ಪ್ರಶ್ನೆ ಕೇಳುತ್ತೇನೆ. "ಪಕ್ಕದ ಮನೆಯವರು ಬಂದರೆ ಎಲ್ಲಿ ನಿಂತು ಮಾತಾಡ್ತೀರಿ?" ಬಹಳ ಜನ ಒಂದು ಗಳಿಗೆ ಸುಮ್ಮನಾಗುತ್ತಾರೆ. ಆಮೇಲೆ, "ಒಳಗೆ ಕರೀತೀವಿ, ಹಾಲ್ ಇರುತ್ತಲ್ವಾ" ಅನ್ನುತ್ತಾರೆ.

ಒಳಗೆ ಕರೆಯುವುದು ಬೇರೆ, ಸುಮ್ನೆ ಸಿಗುವುದು ಬೇರೆ. ಒಳಗೆ ಕರೆದರೆ ಹಾಲ್ ಚೊಕ್ಕಟವಾಗಿರಬೇಕು, ಕಾಫಿ ಕೊಡಬೇಕು, ಬಂದವರು ಅರ್ಧ ಗಂಟೆಯಾದರೂ ಕೂರಬೇಕು. ಅಷ್ಟಕ್ಕೆಲ್ಲ ಯಾರೂ ದಿನಾ ಬರುವುದಿಲ್ಲ. ದಿನಾ ಸಿಗಬೇಕು ಅಂದರೆ ಪೂರ್ತಿ ಮನೆಯೂ ಅಲ್ಲದ, ಪೂರ್ತಿ ಬೀದಿಯೂ ಅಲ್ಲದ ಒಂದು ಜಾಗ ಬೇಕು. ಈಗಿನ ಜನಕ್ಕೆ ನೆರೆಹೊರೆಯೇ ಬೇಡ ಅಂತ ನಾವು ಬೇಸರ ಪಡುತ್ತೇವೆ. ಇಷ್ಟು ವರ್ಷ ಮನೆಗಳ ನಕ್ಷೆ ಬರೆದ ನನಗೆ ಹಾಗನ್ನಿಸುವುದಿಲ್ಲ. ಜನಕ್ಕೆ ಬೇಕು. ನಿಲ್ಲಲು ಜಾಗ ಇಲ್ಲ.

ಮೇಲುಕೋಟೆಯ ಹಳೇ ಬೀದಿಗಳಲ್ಲಿ ಒಮ್ಮೆ ನಡೆದು ನೋಡಿ. ಒಂದಕ್ಕೊಂದು ಅಂಟಿಕೊಂಡ ಮನೆಗಳು, ಮುಂದೆ ಕಂಬ, ಕಂಬಗಳ ಹಿಂದೆ ಜಗಲಿ. ಹಳೇ ಮೈಸೂರು ಕಡೆಯ ಊರುಗಳಲ್ಲಿ ಟೇಪು ಹಿಡಿದು ನಾನು ಅಳೆದ ಜಗಲಿಗಳಲ್ಲಿ ಹೆಚ್ಚಿನವು ಬೀದಿಯಿಂದ ಒಂದೂವರೆ, ಎರಡು ಅಡಿ ಎತ್ತರ. ಅಗಲ ಮೂರರಿಂದ ನಾಲ್ಕು ಅಡಿ. ಈ ಅಳತೆ ಸುಮ್ನೆ ಬಂದದ್ದಲ್ಲ. ಎರಡು ಅಡಿ ಎತ್ತರದಲ್ಲಿ ಕೂತವರ ಕಣ್ಣು, ಬೀದಿಯಲ್ಲಿ ನಡೆದು ಹೋಗುವವರ ಕಣ್ಣಿಗೆ ಹೆಚ್ಚುಕಡಿಮೆ ಸಮ ಬರುತ್ತದೆ. ಯಾರೂ ತಲೆ ಎತ್ತಬೇಕಿಲ್ಲ, ತಗ್ಗಿಸಬೇಕಿಲ್ಲ. ದನಿ ಏರಿಸದೆ "ಊಟ ಆಯ್ತಾ" ಅಂತ ಕೇಳಬಹುದು. ಉತ್ತರ ಕೊಟ್ಟವರು ನಿಲ್ಲದೆ ಮುಂದೆ ಹೋಗಬಹುದು, ಬೇಕಿದ್ದರೆ ಅಂಚಿನಲ್ಲಿ ಕೂರಬಹುದು. ಯಾರನ್ನೂ ಕರೆಯಬೇಕಿಲ್ಲ, ಕಳಿಸಬೇಕಿಲ್ಲ.

ಆ ಮನೆಗಳು ಬೀದಿಗೆ ಅಷ್ಟು ತೆರೆದುಕೊಳ್ಳಲು ಕಾರಣ ಒಳಗಿತ್ತು. ತೊಟ್ಟಿ ಮನೆಯ ನಡುವೆ ಅದರದೇ ಒಂದು ತುಂಡು ಆಕಾಶ ಇರುತ್ತದೆ. ಮಾಡು ನಾಲ್ಕು ಕಡೆಯಿಂದ ಒಳಕ್ಕೆ ಇಳಿದು, ಮಳೆ ನೀರು ತೊಟ್ಟಿಗೆ ಬಿದ್ದು ಹೊರಗೆ ಹರಿಯುತ್ತದೆ. ಬೆಳಕು, ಗಾಳಿ, ಬಟ್ಟೆ ಒಣಗಿಸುವುದು, ಮಧ್ಯಾಹ್ನ ಕಾಲು ಚಾಚಿ ಕೂರುವುದು ಎಲ್ಲಾ ಅಲ್ಲೇ. ಮನೆಯ ಗುಟ್ಟು ಒಳಗೆ ಭದ್ರ ಇದ್ದದ್ದರಿಂದ ಮುಂಭಾಗವನ್ನು ಬೀದಿಗೆ ಬಿಟ್ಟುಕೊಡಲು ಆಗುತ್ತಿತ್ತು. ಈಗಿನ ಮನೆಗೆ ಒಳಗೆ ಆಕಾಶ ಇಲ್ಲ. ಬೆಳಕಿಗಾಗಿ ದೊಡ್ಡ ಕಿಟಕಿಯನ್ನು ಬೀದಿಗೇ ಇಡುತ್ತೇವೆ. ಆಮೇಲೆ ಬೀದಿಯ ಕಣ್ಣಿಗೆ ಹೆದರಿ ಪರದೆ ಹಾಕುತ್ತೇವೆ, ಕಾಂಪೌಂಡು ಏರಿಸುತ್ತೇವೆ.

ಜಗಲಿಯ ಬಗ್ಗೆ ಇಷ್ಟು ಹೇಳಿ ಇನ್ನೊಂದನ್ನು ಮುಚ್ಚಿಡುವುದು ತಪ್ಪು. ಜಗಲಿ ಎಲ್ಲರದ್ದೂ ಆಗಿರಲಿಲ್ಲ. ಯಾರು ಮೇಲೆ ಕೂರಬೇಕು, ಯಾರು ಕೆಳಗೆ ನಿಂತೇ ಮಾತಾಡಬೇಕು ಅನ್ನುವುದನ್ನು ಜಾತಿ ತೀರ್ಮಾನ ಮಾಡುತ್ತಿತ್ತು. ದಲಿತರ ಕೇರಿಯನ್ನು ಊರಿಂದಲೇ ದೂರ ಇಟ್ಟಿದ್ದರು. ಕೆಲವು ಬೀದಿಗಳಲ್ಲಿ ಅವರು ಕಾಲಿಡುವ ಹಾಗೂ ಇರಲಿಲ್ಲ. ಒಂದು ಊರಿನಲ್ಲಿ ಹಳೇ ಮನೆ ದುರಸ್ತಿಗೆ ಅಳತೆ ತೆಗೆಯುವಾಗ, ಜೊತೆಗಿದ್ದ ಗಾರೆ ಮೇಸ್ತ್ರಿ ಜಗಲಿ ಮೇಲೆ ಕೂರದೆ ಬಿಸಿಲಲ್ಲೇ ನಿಂತಿದ್ದರು. ಕೂರಿ ಅಂದೆ. "ನಮ್ಮಪ್ಪ ಇಲ್ಲಿ ನಿಂತೇ ಕೂಲಿ ಇಸ್ಕೊಂಡಿದ್ದು" ಅಂದರು. ಆ ಮಾತು ನನ್ನನ್ನು ಈಗಲೂ ಬಿಟ್ಟಿಲ್ಲ. ಜಗಲಿಯ ಅಳತೆ ನಮಗೆ ಬೇಕು. ಅದರ ಮೇಲಿದ್ದ ಕಟ್ಟುಪಾಡು ಖಂಡಿತ ಬೇಡ.

ಬೆಂಗಳೂರಿಗೆ ಬಂದರೆ ವಠಾರ. ಮುಂದೆ ಮಾಲೀಕರ ಮನೆ, ಹಿಂದೆ ಉದ್ದಕ್ಕೆ ಒಂದೊಂದು ಎರಡೆರಡು ಕೋಣೆಯ ಬಾಡಿಗೆ ಮನೆಗಳು, ಎಲ್ಲಕ್ಕೂ ಒಂದು ನಲ್ಲಿ, ಒಂದೋ ಎರಡೋ ಕಕ್ಕಸು. ನಲ್ಲಿಯ ಜಗಳ ಎಷ್ಟು ನಿಜವೋ, ಮಗುವಿಗೆ ಜ್ವರ ಬಂದ ರಾತ್ರಿ ನಾಲ್ಕು ಬಾಗಿಲು ತೆರೆಯುತ್ತಿದ್ದದ್ದೂ ಅಷ್ಟೇ ನಿಜ. ಹಾಗಂತ ಮತ್ತೆ ವಠಾರ ಕಟ್ಟಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಬೆಳಿಗ್ಗೆ ಬಕೆಟ್ ಹಿಡಿದು ಸಾಲಿನಲ್ಲಿ ನಿಂತ ಹೆಂಗಸರನ್ನು ಕೇಳಿದರೆ ಅವರೂ ಹೇಳಲಾರರು.

ಹಾಗಾದರೆ ಜಗಲಿ ಹೋದದ್ದು ಯಾವಾಗ? ಒಂದು ದೊಡ್ಡ ತಿರುವು 1898ರ ಪ್ಲೇಗು. ಇಕ್ಕಟ್ಟಾದ ಪೇಟೆಯಲ್ಲಿ ಜನ ಸತ್ತರು. ಅದರ ಹಿಂದೆಯೇ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದವು. ಅಗಲ ರಸ್ತೆ, ಮನೆ ಸುತ್ತ ಗಾಳಿಗೆ ಜಾಗ, ಮನೆಗಳ ಹಿಂದೆ ಮಲ ಸಾಗಿಸಲು ಕನ್ಸರ್ವೆನ್ಸಿ ಓಣಿ. ಜೀವ ಉಳಿಸುವ ಯೋಚನೆ ಅದು. ದೊಡ್ಡ ನಿವೇಶನಗಳಲ್ಲಿ ಚೆನ್ನಾಗಿಯೂ ನಡೆಯಿತು. ಎದೆಮಟ್ಟದ ಗೇಟು, ಮುಂದೊಂದು ವರಾಂಡ, ಗೇಟಿನ ಮೇಲೆ ಕೈ ಇಟ್ಟು ಮಾತಾಡುವ ನೆರೆಯವರು.

ಕಷ್ಟ ಶುರುವಾದದ್ದು ಅದೇ ಯೋಚನೆಯನ್ನು 30x40 ಮತ್ತು 20x30 ನಿವೇಶನಗಳಿಗೆ ತುರುಕಿದಾಗ. ಸುತ್ತ ಬಿಡಬೇಕಾದ ಸೆಟ್‌ಬ್ಯಾಕ್ ಅಲ್ಲಿ ಎರಡು ಮೂರು ಅಡಿಯ ಸಂದಿಯಾಗುತ್ತದೆ. ಬಿಸಿಲೂ ಬೀಳದ, ಮನುಷ್ಯರೂ ಕೂರದ ಸಂದಿ. ಸಂಪು, ಮೋಟಾರು, ಮುರಿದ ಸೈಕಲ್ ಇಡಲು ಆಗುತ್ತದೆ ಅಷ್ಟೇ. ಸುತ್ತಲಿನ ಆ ಸಂದಿಯನ್ನು ಒಂದೇ ಕಡೆ, ಮನೆಯ ಮುಂದೆ ಸೇರಿಸಿದರೆ ಎಷ್ಟು ಒಳ್ಳೆಯ ಜಗಲಿ ಬರುತ್ತದೆ ಅಂತ ಎಷ್ಟೋ ಸಲ ಕಾಗದದ ಮೇಲೆ ಬಿಡಿಸಿ ನೋಡಿದ್ದೇನೆ. ನಿಯಮ ಒಪ್ಪುವುದಿಲ್ಲ. ಇದು ಬದಲಾಗಬೇಕು. ಅದರ ಮೇಲೆ ಈಗ ನೆಲಮಹಡಿ ಪೂರ್ತಿ ಕಾರಿಗೆ. ಬಾಡಿಗೆಗೆಂದು ನಾಲ್ಕು ಮಹಡಿ ಎದ್ದ ಬೀದಿಯಲ್ಲಿ ಸಂಜೆ ನಡೆದರೆ, ನಿಮ್ಮ ಕಣ್ಣಿನ ಎತ್ತರಕ್ಕೆ ಒಂದೇ ಒಂದು ಮುಖ ಕಾಣುವುದಿಲ್ಲ. ಬರೀ ಶಟರು, ಬಂಪರು.

ಅಪಾರ್ಟ್‌ಮೆಂಟಿನಲ್ಲಿ ಜನ ಬೆರೆಯುವುದಿಲ್ಲ ಅನ್ನುವ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಅದು ಬಾಗಿಲುಗಳನ್ನು ಎಲ್ಲಿಟ್ಟಿದ್ದಾರೆ ಅನ್ನುವುದರ ಮೇಲೆ ನಿಂತಿದೆ. ಲಿಫ್ಟಿನ ಮುಂದೆ ನಾಲ್ಕು ಬಾಗಿಲು, ಒಂದು ಕಡೆ ಬೆಳಕು ಬರುವ ಜಾಲರಿ, ಪಕ್ಕದಲ್ಲೇ ಮೆಟ್ಟಿಲು ಇದ್ದರೆ, ಆ ಮೆಟ್ಟಿಲ ಮೇಲೆ ಮಕ್ಕಳು ಕೂರುತ್ತಾರೆ. ಮಕ್ಕಳು ಕೂತಲ್ಲಿ ಅಜ್ಜಿ ಬರುತ್ತಾರೆ. ಉದ್ದನೆಯ ಕತ್ತಲೆ ಕಾರಿಡಾರಿನಲ್ಲಿ ಎರಡೂ ಕಡೆ ಬಾಗಿಲು ಸಾಲಾಗಿದ್ದರೆ ಎಲ್ಲರೂ ಬೀಗ ತೆಗೆದು ಬೇಗ ಒಳಗೆ ಸೇರುತ್ತಾರೆ. ಅಲ್ಲಿ ರಂಗೋಲಿ ಅಂದರೆ ಟೈಲ್ಸ್ ಮೇಲೆ ಅಂಟಿಸಿದ ಸ್ಟಿಕರ್. ಚಪ್ಪಲಿ ಸ್ಟ್ಯಾಂಡ್ ಹೊರಗಿಟ್ಟರೆ ಸಂಘದಿಂದ ಮೆಸೇಜು ಬರುತ್ತದೆ. ಸಂಕ್ರಾಂತಿಯ ಎಳ್ಳು ಬೀರಲು ಬೇರೆ ಕಡೆಯಿಂದ ಬಂದ ಹುಡುಗಿ ತಟ್ಟೆ ಹಿಡಿದು ಗೇಟಿನಲ್ಲಿ ನಿಂತು, ಮನೆಯವರು ಆ್ಯಪಿನಲ್ಲಿ ಅನುಮತಿ ಒತ್ತುವುದನ್ನು ಕಾಯುತ್ತಾಳೆ. ಕ್ಲಬ್‌ಹೌಸ್ ಇದೆಯಲ್ಲ ಅನ್ನುತ್ತಾರೆ ಬಿಲ್ಡರ್‌ಗಳು. ಕ್ಲಬ್‌ಹೌಸಿಗೆ ಹೋಗಬೇಕಾದರೆ ಬಟ್ಟೆ ಬದಲಿಸಬೇಕು. ಜಗಲಿಗೆ ಬರಲು ಹಾಗೇನೂ ಇರಲಿಲ್ಲ.

ಹೆಚ್ಚು ನೋವಾಗುವುದು ಬಡವರಿಗೆ ಕಟ್ಟುವ ವಸತಿ ಬ್ಲಾಕುಗಳನ್ನು ನೋಡಿದಾಗ. ಗುಡಿಸಲಿನ ಹೊಸ್ತಿಲಲ್ಲೇ ಅಗರಬತ್ತಿ ಹೊಸೆಯುತ್ತಿದ್ದ, ಹೂವು ಕಟ್ಟುತ್ತಿದ್ದ ಹೆಂಗಸರಿಗೆ ಆ ಓಣಿಯೇ ಅಂಗಡಿ, ಕೂಸು ನೋಡಿಕೊಳ್ಳುವ ಜಾಗ, ಎಲ್ಲವೂ. ಅವರನ್ನು ಮೂರನೇ ಮಹಡಿಗೆ ಏರಿಸಿದರೆ ಪಕ್ಕಾ ಸೂರು ಸಿಗುತ್ತದೆ, ಸ್ವಂತ ಕಕ್ಕಸು ಸಿಗುತ್ತದೆ. ಅದು ದೊಡ್ಡದು, ಅನುಮಾನ ಇಲ್ಲ. ತಳ್ಳುಗಾಡಿ ಮಾತ್ರ ಕೆಳಗೆ, ಕೆಲಸ ಮೇಲೆ, ಮಗು ಮೆಟ್ಟಿಲಲ್ಲಿ. ಆರಡಿ ಅಗಲದ, ಬೆಳಕಿರುವ ಒಂದು ಪಡಸಾಲೆಯನ್ನು ಪ್ರತಿ ಮಹಡಿಗೂ ಕೊಟ್ಟರೆ ಆ ಓಣಿಯ ಅರ್ಧವಾದರೂ ಮೇಲೆ ಬರುತ್ತದೆ. ಖರ್ಚು ಉಳಿಸುವಾಗ ಮೊದಲು ಕತ್ತರಿಸುವುದು ಅದನ್ನೇ.

ಕೆಲವು ವರ್ಷದ ಹಿಂದೆ 30x40 ನಿವೇಶನದ ಒಬ್ಬ ದಂಪತಿಯನ್ನು ಹೇಗೋ ಒಪ್ಪಿಸಿದೆ. ಕಾಂಪೌಂಡನ್ನು ನಿವೇಶನದ ಗಡಿಯಿಂದ 18 ಇಂಚು ಒಳಕ್ಕೆ ಸರಿಸಿ, ಹೊರಗಡೆ ಒಂದು ಕಲ್ಲಿನ ಕಟ್ಟೆ. ಮೇಲೆ ಒಂದು ಹೊಂಗೆ ಗಿಡದ ನೆರಳು ಬರುವ ಹಾಗೆ. ಕಂಡಕಂಡವರೆಲ್ಲ ಕೂರ್ತಾರೆ ಅಂತ ಎದುರು ಮನೆಯವರು ತಕರಾರು ತೆಗೆದರು. ಕೂತರು ಕೂಡ. ಸ್ಕೂಲ್ ವ್ಯಾನ್ ಕಾಯುವ ತಾಯಂದಿರು, ಸೊಪ್ಪಿನ ಬುಟ್ಟಿ ಇಳಿಸಿ ಉಸಿರು ಬಿಡುವ ಅಜ್ಜಿ, ಮಧ್ಯಾಹ್ನ ಡೆಲಿವರಿ ಹುಡುಗರು. ಕಳೆದ ಬೇಸಿಗೆಯಲ್ಲಿ ಹೋದಾಗ ಕಟ್ಟೆ ಮೇಲೊಂದು ಮಣ್ಣಿನ ಮಡಕೆ, ಪಕ್ಕದಲ್ಲಿ ಲೋಟ ಇತ್ತು. ಮನೆಯವರು ಇಟ್ಟದ್ದಾ ಅಂತ ಕೇಳಿದೆ. ಅಲ್ಲ, ಎದುರು ಮನೆಯವರದ್ದಂತೆ.

ನಿವೇಶನ ಇಲ್ಲದೆ ಫ್ಲಾಟ್ ಕೊಳ್ಳುವವರು ನನ್ನನ್ನು ಏನು ನೋಡಬೇಕು ಅಂತ ಕೇಳುತ್ತಾರೆ. ನೀರು, ಕಾಗದಪತ್ರ, ಬಿರುಕು ಎಲ್ಲಾ ನೋಡಿ. ಜೊತೆಗೆ ಒಂದು ಸಲ ವಾರದ ದಿನ ಸಂಜೆ ಆರು ಗಂಟೆಗೆ ಹೋಗಿ. ಮಾದರಿ ಫ್ಲಾಟಿಗೆ ಹೋಗಬೇಡಿ. ಜನ ಬಂದು ನೆಲೆಸಿರುವ ಬ್ಲಾಕಿಗೆ ಹೋಗಿ, ಮೆಟ್ಟಿಲು ಹತ್ತಿ. ಮಕ್ಕಳ ದನಿ ಎಲ್ಲಿಂದ ಬರುತ್ತಿದೆ ಕೇಳಿ. ಬಾಗಿಲುಗಳ ಮುಂದೆ ಇಬ್ಬರು ಎದುರುಬದುರು ನಿಲ್ಲುವಷ್ಟು ಜಾಗ ಇದೆಯಾ ಅಳೆಯಿರಿ. ಇಳಿದು ಬರುವಾಗ, ಗೇಟಿನಲ್ಲಿ ವಾಚ್‌ಮನ್‌ಗೆ ಕೂರಲು ನೆರಳಿನಲ್ಲಿ ಒಂದು ಕುರ್ಚಿ ಇಟ್ಟಿದ್ದಾರಾ ನೋಡಿ.