ಒಂದು ‘ಹ್ಯಾಡ್’ ಕಥೆಯನ್ನೇ ಬದಲಿಸುತ್ತದೆ

ಇಂಗ್ಲಿಷ್ ಪಿರಿಯಡ್‌ನಲ್ಲಿ ಕಥೆ ಒಂದು ದಿನ, ಗ್ರಾಮರ್ ಇನ್ನೊಂದು ದಿನ. ಹೆಚ್ಚಿನ ತರಗತಿಗಳಲ್ಲಿ ನಡೆಯುವುದು ಹೀಗೇ. ಕಥೆಯ ದಿನ ಮಕ್ಕಳು ಕಿವಿಗೊಟ್ಟು ಕೂತಿರುತ್ತಾರೆ. ಗ್ರಾಮರ್ ದಿನ ಬೆಲ್ ಯಾವಾಗ ಹೊಡೆಯುತ್ತೆ ಅಂತ ಕಾಯುತ್ತಾರೆ. ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ಕಥೆ ನಿಂತಿರುವುದೇ ಗ್ರಾಮರ್ ಮೇಲೆ ಅನ್ನುವುದನ್ನು ಯಾರೂ ಅವರಿಗೆ ತೋರಿಸಿರುವುದಿಲ್ಲ.

ಹನ್ನೆರಡರಿಂದ ಹದಿನಾಲ್ಕು ವಯಸ್ಸಿನ ಮಕ್ಕಳಿಗೆ ಇಂಗ್ಲಿಷ್ ಕಲಿಸುವವರಿಗೆ ನಾನು ಯಾವಾಗಲೂ ಹೇಳುವುದು ಒಂದೇ ಮಾತು. ಪಾಠಕ್ಕೆ ಮೊದಲು ಕಥೆಯನ್ನು ನೀವು ಇನ್ನೊಮ್ಮೆ ಓದಿ. ಯಾವುದೋ ಒಂದು ಜಾಗದಲ್ಲಿ ಕಥೆಯ ಅರ್ಥವೆಲ್ಲ ಒಂದು ಗ್ರಾಮರ್ ಅಂಶದ ಮೇಲೆ ನಿಂತಿರುತ್ತದೆ. ಅದನ್ನು ಗುರುತು ಹಾಕಿಕೊಳ್ಳಿ. ಆ ಕಥೆಯಲ್ಲಿ ಅದೊಂದನ್ನೇ ಕಲಿಸಿ, ಉಳಿದದ್ದನ್ನು ಬಿಟ್ಟುಬಿಡಿ.

ಈ ಎರಡು ವಾಕ್ಯಗಳನ್ನು ನೋಡಿ:

ವೆನ್ ದಿ ಫಾದರ್ ಕೇಮ್ ಹೋಮ್, ದಿ ಬಾಯ್ ಲೆಫ್ಟ್.

ವೆನ್ ದಿ ಫಾದರ್ ಕೇಮ್ ಹೋಮ್, ದಿ ಬಾಯ್ ಹ್ಯಾಡ್ ಲೆಫ್ಟ್.

ಇವನ್ನು ಬೋರ್ಡ್ ಮೇಲೆ ಬರೆದು “ಇದು ಯಾವ ಟೆನ್ಸ್?” ಅಂತ ಕೇಳಿದರೆ ಮುಂದಿನ ಬೆಂಚಿನ ಇಬ್ಬರು ಮೂವರು ಉತ್ತರ ಹೇಳುತ್ತಾರೆ, ಮಿಕ್ಕವರು ತಲೆ ತಗ್ಗಿಸುತ್ತಾರೆ. ಅದರ ಬದಲು “ಅಪ್ಪ, ಮಗ ಒಬ್ಬರ ಮುಖ ಒಬ್ಬರು ನೋಡಿದರಾ?” ಅಂತ ಕೇಳಿ. ಇಡೀ ತರಗತಿ ಮಾತಾಡುತ್ತದೆ. ಮೊದಲನೆಯದರಲ್ಲಿ ಅಪ್ಪ ಬಂದ ಕೂಡಲೇ ಮಗ ಎದ್ದು ಹೊರಟ. ಇಬ್ಬರ ನಡುವೆ ಏನೋ ಸರಿಯಿಲ್ಲ, ಅಲ್ವಾ? ಎರಡನೆಯದರಲ್ಲಿ ಅಪ್ಪ ಬರುವಷ್ಟರಲ್ಲಿ ಮನೆ ಖಾಲಿ. ಅವನು ತಡವಾಗಿ ಬಂದ. ಬೇಕಿದ್ದರೆ ‘ವಾಸ್ ಲೀವಿಂಗ್’ ಅಂತ ಮೂರನೆಯದನ್ನೂ ಬರೆಯಿರಿ. ಈಗ ಇಬ್ಬರೂ ಬಾಗಿಲಲ್ಲೇ ಎದುರಾಗುತ್ತಾರೆ, ಮಾತಾಡಲೇಬೇಕಾಗುತ್ತದೆ.

ಈಗ ಮಕ್ಕಳನ್ನು ಮೂರು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ವಾಕ್ಯ ಕೊಡಿ. ಮುಂದಿನ ಎರಡು ಸಾಲು ಅವರೇ ಬರೆಯಲಿ. ‘ಹ್ಯಾಡ್ ಲೆಫ್ಟ್’ ಸಿಕ್ಕ ಗುಂಪು ಅಪ್ಪ-ಮಗನ ಜಗಳ ಬರೆಯಲು ಹೊರಟರೆ ಪಕ್ಕದ ಗುಂಪೇ “ಅವನು ಆಗಲೇ ಹೋಗಿಬಿಟ್ಟಿದ್ದಾನಲ್ಲ!” ಅಂತ ತಡೆಯುತ್ತದೆ. ಆ ಕ್ಷಣದಲ್ಲಿ ಪಾಸ್ಟ್ ಪರ್ಫೆಕ್ಟ್ ಅವರಿಗೆ ಅರ್ಥವಾಗಿದೆ. ಹೆಸರು, ನಿಯಮ, ‘ಹ್ಯಾಡ್’ ಆದಮೇಲೆ ಕ್ರಿಯಾಪದದ ಮೂರನೇ ರೂಪ ಬರುತ್ತದೆ ಅನ್ನುವುದು, ಇವೆಲ್ಲ ಈಗ ಹೇಳಿ. ಹೇಳಲೇಬೇಕು ಕೂಡ. ಆದರೆ ಅರ್ಥ ಮೊದಲು ಬಂದಿರಲಿ, ಹೆಸರು ಆಮೇಲೆ ಬರಲಿ.

ಇದು ನಡೆಯಬೇಕಾದರೆ ಮಕ್ಕಳು ಮೊದಲು ಕಥೆಯನ್ನು ಕಥೆಯಾಗಿ ಕೇಳಿರಬೇಕು. ಸಾಲು ಸಾಲಿಗೂ ನಿಲ್ಲಿಸಿ ಅರ್ಥ ಹೇಳುತ್ತಾ ಹೋದರೆ ಕಥೆ ಉಳಿಯುವುದಿಲ್ಲ, ಶಬ್ದಾರ್ಥದ ಪಟ್ಟಿ ಉಳಿಯುತ್ತದೆ. ಗೊತ್ತಿಲ್ಲದಿದ್ದರೆ ಕಥೆಯೇ ತಿಳಿಯದು ಅನ್ನುವಂಥ ನಾಲ್ಕೈದು ಪದಗಳನ್ನು ಮಾತ್ರ ಮೊದಲೇ ಹೇಳಿಬಿಡಿ. ಆಮೇಲೆ ನೀವೇ ದನಿಯೆತ್ತಿ, ನಿಧಾನವಾಗಿ ಓದಿ. ಕೊನೆಗೆ ಸ್ವಲ್ಪ ಮೊದಲು ನಿಲ್ಲಿಸಿ, “ಮುಂದೇನಾಗಬಹುದು?” ಅಂತ ಕೇಳಿ. ‘ಮೇ’, ‘ಮೈಟ್’, ‘ಮಸ್ಟ್’ ಕಲಿಸಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ, ಯಾಕೆಂದರೆ ಆಗ ಮಕ್ಕಳು ನಿಜವಾಗಿಯೂ ಊಹೆ ಮಾಡುತ್ತಿರುತ್ತಾರೆ.

ಈ ಮಾತುಕತೆ ಕನ್ನಡದಲ್ಲೇ ನಡೆದರೆ ತಪ್ಪೇ? ಖಂಡಿತ ಅಲ್ಲ. ಹದಿಮೂರು ವರ್ಷದ ಹುಡುಗಿಗೆ ಪಾತ್ರವೊಂದರ ಹಟ, ನಾಚಿಕೆ, ಅಸೂಯೆ ಎಲ್ಲವೂ ಚೆನ್ನಾಗಿ ಗೊತ್ತಾಗುತ್ತದೆ. ಅದನ್ನು ಹೇಳುವಷ್ಟು ಇಂಗ್ಲಿಷ್ ಅವಳಲ್ಲಿ ಇನ್ನೂ ಇರುವುದಿಲ್ಲ. ಇಂಗ್ಲಿಷಿನಲ್ಲೇ ಹೇಳು ಅಂತ ಹಟ ಹಿಡಿದರೆ ಅವಳು “ಹೀ ಈಸ್ ಅ ಗುಡ್ ಬಾಯ್” ಅಂದು ಸುಮ್ನೆ ಕೂರುತ್ತಾಳೆ. ಕನ್ನಡದಲ್ಲಿ ಮನಸಾರೆ ಹೇಳಲಿ. ಅದರಲ್ಲಿ ಒಂದೇ ಒಂದು ಮಾತನ್ನು ಆರಿಸಿಕೊಂಡು, ಇಬ್ಬರೂ ಸೇರಿ ಇಂಗ್ಲಿಷಿಗೆ ತನ್ನಿ. ಅವಳ ಸ್ವಂತ ಮಾತಾದ್ದರಿಂದ ಆ ವಾಕ್ಯ ಅವಳಿಗೆ ಮರೆಯುವುದಿಲ್ಲ. ಈ ವಯಸ್ಸಿನಲ್ಲಿ ಎಲ್ಲರೆದುರು ನಗೆಪಾಟಲಾಗುವ ಭಯ ಬಹಳ ಜಾಸ್ತಿ. ಹಾಗಾಗಿ ಮೊದಲು ಪಕ್ಕದವರ ಜೊತೆ ಮಾತು, ಆಮೇಲೆ ತರಗತಿಗೆ. ಮತ್ತೆ, ಕಥೆಯ ಬಗ್ಗೆ ಅನಿಸಿಕೆ ಹೇಳುತ್ತಿರುವ ಮಗುವಿನ ಗ್ರಾಮರ್ ಅನ್ನು ನಡುವೆ ಬಾಯಿ ಹಾಕಿ ತಿದ್ದಬೇಡಿ.

“ಈ ಕಥೆಯ ನೀತಿ ಏನು?” ಅನ್ನುವ ಪ್ರಶ್ನೆಯನ್ನೂ ಬಿಡಬಹುದು. ಅದಕ್ಕೆ ಮಕ್ಕಳ ಹತ್ತಿರ ರೆಡಿ ಉತ್ತರ ಇರುತ್ತದೆ. ಕಥೆ ಓದದೆಯೂ ಹೇಳಬಲ್ಲರು.

ಡೈರೆಕ್ಟ್ ಮತ್ತು ಇನ್‌ಡೈರೆಕ್ಟ್ ಸ್ಪೀಚ್ ಬಗ್ಗೆ ಒಂದು ಮಾತು. ಮಕ್ಕಳು “ರವಿ ಸೆಡ್ ದಟ್ ಐ ವಿಲ್ ಕಮ್ ಟುಮಾರೋ” ಅಂತ ಯಾಕೆ ಬರೆಯುತ್ತಾರೆ? ಕನ್ನಡದಲ್ಲಿ “ನಾನು ನಾಳೆ ಬರ್ತೀನಿ ಅಂತ ರವಿ ಹೇಳಿದ” ಅನ್ನುತ್ತೇವೆ. ‘ಅಂತ’ ಸೇರಿಸಿದರೆ ಸಾಕು, ರವಿಯ ಮಾತು ಇದ್ದ ಹಾಗೇ ಇರುತ್ತದೆ. ಮಗು ಮಾಡಿದ್ದು ಅದನ್ನೇ. ಆದರೆ ಇಂಗ್ಲಿಷಿನಲ್ಲಿ ಆ ‘ಐ’ ಹೇಳುತ್ತಿರುವವರಿಗೆ ಅಂಟಿಕೊಳ್ಳುತ್ತದೆ, ಬರುವವನು ರವಿ ಅಲ್ಲದೆ ಬೇರೆಯವರಾಗುತ್ತಾರೆ. ಇದನ್ನು ಕೋಷ್ಟಕ ಬರೆದು ವಿವರಿಸುವುದಕ್ಕಿಂತ ಮೂರು ಮಕ್ಕಳನ್ನು ನಿಲ್ಲಿಸಿ. ಒಬ್ಬ ಕಥೆಯ ಒಂದು ಸಂಭಾಷಣೆಯನ್ನು ಇನ್ನೊಬ್ಬನ ಕಿವಿಯಲ್ಲಿ ಹೇಳಲಿ, ಅವನು ಅದನ್ನು ಮೂರನೆಯವಳಿಗೆ ದಾಟಿಸಲಿ. “ಐ ವಿಲ್ ಕಮ್” ಅಂದರೆ ಅವಳು “ನೀನಾ ಬರೋದು?” ಅಂತ ಕೇಳುತ್ತಾಳೆ. ಆಗ ‘ಹೀ’ ತಾನಾಗಿ ಬರುತ್ತದೆ. ‘ವಿಲ್’ ಹೋಗಿ ‘ವುಡ್’ ಆಗುವುದಕ್ಕೆ ಇನ್ನಷ್ಟು ದಿನ ಬೇಕು, ಅವಸರ ಮಾಡಬೇಡಿ. ಇಷ್ಟಾದಮೇಲೆ ಕಥೆಗೆ ವಾಪಸ್ ಹೋಗಿ, ಈ ಮಾತನ್ನು ಲೇಖಕರು ಪಾತ್ರದ ಬಾಯಲ್ಲೇ ಯಾಕೆ ಆಡಿಸಿದರು, ಆ ಇನ್ನೊಂದನ್ನು ತಾವೇ ಯಾಕೆ ಹೇಳಿಬಿಟ್ಟರು ಅಂತ ಕೇಳಿ. ಉತ್ತರಗಳು ನಿಜಕ್ಕೂ ಚೆನ್ನಾಗಿರುತ್ತವೆ.

‘ಅ’ ಮತ್ತು ‘ದಿ’ ಕೂಡ ಹೀಗೇ. ಕಥೆಯೊಂದು “ದಿ ಲೆಟರ್ ವಾಸ್ ಸ್ಟಿಲ್ ಆನ್ ದಿ ಟೇಬಲ್” ಅಂತ ಶುರುವಾದರೆ “ಯಾವ ಪತ್ರ?” ಅನ್ನುವ ಕುತೂಹಲ ಹುಟ್ಟುತ್ತದೆ. ‘ಅ ಲೆಟರ್’ ಅಂದಿದ್ದರೆ ಹುಟ್ಟುತ್ತಿರಲಿಲ್ಲ.

ಗ್ರಾಮರ್ ಅನ್ನು ಬೇರೆಯಾಗಿ ಕಲಿಸಿದರೆ ಬರವಣಿಗೆ ಸುಧಾರಿಸುತ್ತದೆಯೇ ಅನ್ನುವುದು ಹಳೆಯ ಚರ್ಚೆ. 1963ರಲ್ಲಿ ಅಮೆರಿಕದಲ್ಲಿ ರಿಚರ್ಡ್ ಬ್ರ್ಯಾಡಕ್ ಮತ್ತು ಸಂಗಡಿಗರು ಅದುವರೆಗಿನ ಅಧ್ಯಯನಗಳನ್ನು ಪರಿಶೀಲಿಸಿ, ಬರೀ ಗ್ರಾಮರ್ ಪಾಠದಿಂದ ಬರವಣಿಗೆಗೆ ಲಾಭ ಕಾಣುವುದಿಲ್ಲ ಅಂತ ಹೇಳಿದರು. 2007ರಲ್ಲಿ ಸ್ಟೀವ್ ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ 4ರಿಂದ 12ನೇ ತರಗತಿಯ ಮಕ್ಕಳ ಮೇಲಿನ ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗಲೂ ಹೆಚ್ಚುಕಡಿಮೆ ಅದೇ ಕಂಡಿತು. ಆದರೆ ಚಿಕ್ಕ ಚಿಕ್ಕ ವಾಕ್ಯಗಳನ್ನು ಸೇರಿಸಿ ಒಂದು ವಾಕ್ಯ ಮಾಡುವ ಅಭ್ಯಾಸದಿಂದ ಉಪಯೋಗವಾಗಿತ್ತು. ಹಾಗಂತ ಗ್ರಾಮರ್ ಬೇಡವೇ ಬೇಡ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಮನೆಯಲ್ಲಿ ಇಂಗ್ಲಿಷ್ ಕೇಳದ ಮಗುವಿಗೆ ರೂಪಗಳನ್ನು ಬೊಟ್ಟು ಮಾಡಿ ತೋರಿಸಲೇಬೇಕು. ಗಮನಕ್ಕೇ ಬರದಿದ್ದದ್ದನ್ನು ಕಲಿಯುವುದು ಕಷ್ಟ ಅಂತ ಭಾಷಾ ಕಲಿಕೆಯ ಸಂಶೋಧಕ ರಿಚರ್ಡ್ ಶ್ಮಿಟ್ 1990ರಲ್ಲಿ ವಾದಿಸಿದ್ದೂ ಇದನ್ನೇ.

ಗಮನ ಸೆಳೆಯಲು ನನಗೆ ಬಹಳ ಇಷ್ಟವಾದ ವಿಧಾನ ಡಿಕ್ಟೊಗ್ಲಾಸ್. ಇದನ್ನು ಪ್ರಚಾರಕ್ಕೆ ತಂದವರು ರೂತ್ ವಾಜ್ನ್‌ರಿಬ್. ಕಥೆಯ ನಾಲ್ಕೈದು ವಾಕ್ಯಗಳ ಒಂದು ಭಾಗವನ್ನು ಮಾಮೂಲಿ ವೇಗದಲ್ಲಿ ಎರಡು ಸಲ ಓದಿ. ಮೊದಲ ಸಲ ಮಕ್ಕಳು ಬರೀ ಕೇಳಲಿ. ಎರಡನೇ ಸಲ ಮುಖ್ಯ ಪದಗಳನ್ನಷ್ಟೇ ಗುರುತು ಹಾಕಿಕೊಳ್ಳಲಿ. ಆಮೇಲೆ ಗುಂಪಿನಲ್ಲಿ ಕೂತು ಆ ಭಾಗವನ್ನು ಮತ್ತೆ ಕಟ್ಟಲಿ. “ಸ್ಟುಡ್ ಅಂದ್ರಾ, ವಾಸ್ ಸ್ಟ್ಯಾಂಡಿಂಗ್ ಅಂದ್ರಾ?” ಅಂತ ಅವರವರಲ್ಲೇ ವಾದ ಶುರುವಾಗುತ್ತದೆ. ಆಗ ನೀವು ಉತ್ತರ ಹೇಳದೆ ಓಡಾಡಿಕೊಂಡು ಕೇಳಿಸಿಕೊಳ್ಳಿ. ಕೊನೆಗೆ ಪುಸ್ತಕ ತೆರೆದು ಹೋಲಿಸಲಿ. ಮೂಲಕ್ಕಿಂತ ಬೇರೆಯಾಗಿದ್ದರೂ ಸರಿಯಾಗಿರುವ ವಾಕ್ಯಗಳು ಸಿಗುತ್ತವೆ, ಅವುಗಳಿಗೂ ರೈಟ್ ಹಾಕಿ.

ಬರೆದದ್ದನ್ನು ತಿದ್ದುವಾಗ ಆ ಕಥೆಯಲ್ಲಿ ಕಲಿಸಿದ ಒಂದು ಅಂಶದ ತಪ್ಪುಗಳಿಗೆ ಮಾತ್ರ ಗೆರೆ ಎಳೆಯಿರಿ. ಅದನ್ನು ಮಗುವೇ ಸರಿಮಾಡಿ ತರಲಿ. ಸ್ಪೆಲಿಂಗ್, ಪ್ರಿಪೊಸಿಷನ್ ಎಲ್ಲಕ್ಕೂ ಅದೇ ಪುಟದಲ್ಲಿ ಕೆಂಪು ಶಾಯಿ ಬೇಡ. ಅವುಗಳ ಸರದಿ ಇನ್ನೊಂದು ಕಥೆಯಲ್ಲಿ ಬರುತ್ತದೆ. ಪುಟದ ಕೊನೆಯಲ್ಲಿ ಮಗು ಬರೆದ ವಿಷಯದ ಬಗ್ಗೆ ಒಂದು ಸಾಲು ಬರೆಯಿರಿ, ಗ್ರಾಮರ್ ಬಗ್ಗೆ ಅಲ್ಲ.