ಕೈಯೆತ್ತಿ ಪ್ರಾರ್ಥಿಸುವುದು ಅಂದರೆ ಏನು?

ಕೋಲಾರದಲ್ಲಿ ಭಾನುವಾರ ಮೆಥಡಿಸ್ಟ್ ಅಥವಾ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚಿಗೆ ಹೋದರೆ, ಪ್ರಾರ್ಥನೆ ಅಂದ ಕೂಡಲೇ ಸಾಮಾನ್ಯವಾಗಿ ಎಲ್ಲರೂ ತಲೆ ಬಾಗಿಸಿ ಕೈ ಮುಗಿಯುತ್ತಾರೆ. ಅದೇ ಊರಿನಲ್ಲಿ ಯಾರದೋ ಮನೆಯ ಮಹಡಿ ಮೇಲೆ, ಶೀಟಿನ ಕೆಳಗೆ ನಡೆಯುವ, ಪವಿತ್ರಾತ್ಮನ ಅನುಭವಕ್ಕೆ ಒತ್ತು ಕೊಡುವ ಪೆಂತೆಕೋಸ್ತ್ ಸಭೆಯಲ್ಲಿ ಒಂದು ಕನ್ನಡ ಹಾಡು, ಒಂದು ತೆಲುಗು ಹಾಡು ಮುಗಿಯುವಷ್ಟರಲ್ಲಿ ಎಲ್ಲರ ಕೈಯೂ ಮೇಲೆ. ಕೆಜಿಎಫ್ ಕಡೆ ಹೋದರೆ ಹಾಡು ತಮಿಳಾಗುತ್ತದೆ, ಕೈ ಮಾತ್ರ ಹಾಗೇ. ನೋಡುವವರಿಗೆ ಅನುಮಾನ ಬರುವುದು ಸಹಜ. ಇದು ಈಗಿನ ಕಾಲದ ಫ್ಯಾಷನ್ನಾ? ಆವೇಶ ಬಂದವರು ಮಾತ್ರ ಹೀಗೆ ಮಾಡುತ್ತಾರಾ?

ಎರಡೂ ಅಲ್ಲ. ಕ್ರೈಸ್ತ ಸಭೆಯ ಚರಿತ್ರೆಯಲ್ಲಿ ಕೈ ಮುಗಿಯುವುದಕ್ಕಿಂತ ಕೈ ಎತ್ತುವುದೇ ಹಳೆಯದು.

ರೋಮ್ ನಗರದ ನೆಲದಡಿ ಆದಿ ಕ್ರೈಸ್ತರ ಸಮಾಧಿ ಸುರಂಗಗಳಿವೆ. ಪ್ರಿಸಿಲ್ಲಾ ಹೆಸರಿನ ಸುರಂಗದಲ್ಲಿ 3ನೇ ಶತಮಾನದ ಒಂದು ಚಿತ್ರವಿದೆ. ತಲೆ ಮೇಲೆ ಮುಸುಕು ಹೊದ್ದ ಹೆಂಗಸು, ಎರಡೂ ಕೈ ಬಿಡಿಸಿ ಮೇಲೆತ್ತಿ ನಿಂತಿದ್ದಾಳೆ. ಈ ಭಂಗಿಗೆ ಲ್ಯಾಟಿನ್‌ನಲ್ಲಿ ‘ಒರಾನ್ಸ್’ ಎನ್ನುತ್ತಾರೆ, ಅಂದರೆ ಪ್ರಾರ್ಥಿಸುವವರು. ಸುಮಾರು ಕ್ರಿ.ಶ. 200ರಲ್ಲಿ ಉತ್ತರ ಆಫ್ರಿಕಾದ ಕ್ರೈಸ್ತ ಲೇಖಕ ತೆರ್ತುಲಿಯನ್ ಪ್ರಾರ್ಥನೆಯ ಬಗ್ಗೆ ಬರೆಯುತ್ತಾ, ನಾವು ಕೈ ಎತ್ತುವುದಷ್ಟೇ ಅಲ್ಲ, ಶಿಲುಬೆಯ ಮೇಲಿನ ಯೇಸುವಿನಂತೆ ಅಗಲಿಸುತ್ತೇವೆ ಎಂದ. ಜೊತೆಗೆ, ತೀರಾ ಮೇಲಕ್ಕೆ ಎತ್ತಬೇಡಿ, ವಿನಯದಿಂದ ಎತ್ತಿ ಎಂದೂ ಹೇಳಿದ. ಅತಿ ಮಾಡುವವರು ಆಗಲೂ ಇದ್ದರು ಅಂತ ಕಾಣುತ್ತದೆ!

ಎರಡು ಅಂಗೈ ಜೋಡಿಸುವ ಪದ್ಧತಿ ಯುರೋಪಿನ ಚರ್ಚುಗಳಲ್ಲಿ ಹರಡಿದ್ದು ಮಧ್ಯಯುಗದಲ್ಲಿ. ನಮ್ಮಲ್ಲಿ ಕೈ ಮುಗಿಯುವುದು ಮೊದಲಿನಿಂದಲೂ ಇತ್ತಲ್ಲ, ಹಾಗಾಗಿ ಅದು ಸುಲಭವಾಗಿ ಒಗ್ಗಿಕೊಂಡಿತು.

ಇನ್ನು ಬೈಬಲ್ಲಿಗೆ ಬರೋಣ. ಅಲ್ಲಿ ಕೈ ಎತ್ತುವುದಕ್ಕೆ ಒಂದೇ ಅರ್ಥವಿಲ್ಲ. ಇಸ್ರಾಯೇಲಿನ ಅರಸ ಸೊಲೊಮೋನ, ಯೆರೂಸಲೇಮಿನ ದೇವಾಲಯದ ಪ್ರತಿಷ್ಠೆಯ ದಿನ ಆಕಾಶದ ಕಡೆ ಕೈ ಚಾಚಿ ಬೇಡಿದ. ಅದು ಪ್ರಸಾದಕ್ಕೆ ಕೈಯೊಡ್ಡಿದ ಹಾಗೆ, ಅಂಗೈ ಖಾಲಿ, ಕೊಡುವವನು ಮೇಲಿದ್ದಾನೆ. 63ನೇ ಕೀರ್ತನೆಯಲ್ಲಿ ಕೈ ಎತ್ತುವುದು ಸ್ತುತಿ. 141ನೇ ಕೀರ್ತನೆಯಲ್ಲಿ ಅದು ಸಂಜೆಯ ನೈವೇದ್ಯ. ಆದಿಕಾಂಡದಲ್ಲಿ ಅಬ್ರಾಮ ದೇವರ ಕಡೆ ಕೈ ಎತ್ತಿದ್ದು ಆಣೆ ಮಾಡಲಿಕ್ಕೆ. ಈಗಿನ ಚರ್ಚ್ ಉಪದೇಶಗಳಲ್ಲಿ ‘ಶರಣಾಗತಿ’ ಅನ್ನುವ ವಿವರಣೆ ಜಾಸ್ತಿ ಕೇಳಿಬರುತ್ತದೆ. ಅದು ತಪ್ಪೇನಲ್ಲ, ಆದರೆ ಬೇಡಿಕೆ, ಸ್ತುತಿ, ಆಶೀರ್ವಾದ ಇವೇ ಆ ಹಳೆಯ ಮಾತುಗಳಲ್ಲಿ ಎದ್ದು ಕಾಣುವುದು.

ಎಲ್ಲರೂ ಹೇಳುವ ಕಥೆ ಇಸ್ರಾಯೇಲ್ಯರ ನಾಯಕ ಮೋಶೆಯದು. ವಿಮೋಚನಕಾಂಡ 17ರಲ್ಲಿದೆ. ಕೆಳಗೆ ಅವನ ಸಹಾಯಕ ಯೆಹೋಶುವ ಶತ್ರುಗಳಾದ ಅಮಾಲೇಕ್ಯರ ಜೊತೆ ಯುದ್ಧ ಮಾಡುತ್ತಿದ್ದಾನೆ, ಮೇಲೆ ಗುಡ್ಡದ ತುದಿಯಲ್ಲಿ ಮೋಶೆ ನಿಂತಿದ್ದಾನೆ. ಮೋಶೆ ಕೈ ಎತ್ತಿದ್ದಷ್ಟು ಹೊತ್ತು ಇಸ್ರಾಯೇಲ್ಯರ ಕೈ ಮೇಲು. ಕೈ ಇಳಿದರೆ ಅಮಾಲೇಕ್ಯರದು. ಎಷ್ಟು ಹೊತ್ತು ಅಂತ ಎತ್ತಿ ಹಿಡಿಯುವುದು? ತೋಳು ಸೋತಿತು. ಆಗ ಜೊತೆಗಿದ್ದ ಆರೋನ, ಹೂರ ಇಬ್ಬರೂ ಒಂದು ಕಲ್ಲು ತಂದು ಅವನನ್ನು ಕೂರಿಸಿದರು. ಆ ಕಡೆ ಒಬ್ಬ, ಈ ಕಡೆ ಒಬ್ಬ ನಿಂತು ಹೊತ್ತು ಮುಳುಗುವ ತನಕ ಕೈಗಳನ್ನು ಎತ್ತಿ ಹಿಡಿದರು. ಮೋಶೆ ಪ್ರಾರ್ಥಿಸಿದ ಎಂದು ಅಲ್ಲಿ ಬರೆದಿಲ್ಲ. ಆದರೂ ಕ್ರೈಸ್ತರು ಅದನ್ನು ಪ್ರಾರ್ಥನೆ ಅಂತಲೇ ಓದುತ್ತಾ ಬಂದಿದ್ದಾರೆ. ಒಬ್ಬರ ಪ್ರಾರ್ಥನೆಗೆ ಇನ್ನೊಬ್ಬರು ಆಸರೆಯಾಗಬೇಕು ಅನ್ನುವುದು ಈ ಕಥೆಯಿಂದ ಅವರು ತೆಗೆಯುವ ಅರ್ಥ.

ಬೈಬಲ್ಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯಲ್ಲಿ ಮುಖ್ಯವಾದ ಮಾತು ಆದಿ ಸಭೆಯ ಬೋಧಕ ಪೌಲನದು. ತಿಮೊಥೆಯನಿಗೆ ಬರೆದ ಮೊದಲ ಪತ್ರದ 2ನೇ ಅಧ್ಯಾಯದಲ್ಲಿ, ಗಂಡಸರು ಎಲ್ಲೆಡೆಯೂ ಶುದ್ಧವಾದ ಕೈಗಳನ್ನೆತ್ತಿ, ಕೋಪವೂ ಜಗಳವೂ ಇಲ್ಲದೆ ಪ್ರಾರ್ಥಿಸಲಿ ಎನ್ನುತ್ತಾನೆ. ಕೈ ಎಷ್ಟು ಎತ್ತರಕ್ಕೆ ಹೋಯಿತು ಅನ್ನುವುದು ಅವನ ಚಿಂತೆಯಲ್ಲ. ಯೆಶಾಯನ ಗ್ರಂಥ ಇನ್ನೂ ಖಾರ: ನೀವು ಕೈ ಚಾಚಿದರೆ ನಾನು ಕಣ್ಣು ಮರೆಮಾಡುತ್ತೇನೆ, ನಿಮ್ಮ ಕೈ ತುಂಬಾ ರಕ್ತ ಎನ್ನುತ್ತಾನೆ ದೇವರು. ಚರ್ಚ್ ಕಮಿಟಿಯಲ್ಲಿ ಜಗಳವಾಡಿ ಬಂದು ಸುಮ್ನೆ ಕೈ ಎತ್ತುವವರು ಈ ಎರಡು ವಚನ ಒಮ್ಮೆ ಓದಿಕೊಳ್ಳಬೇಕು, ಅಲ್ವಾ?

ಸಭೆಗೆ ಸಭೆಯೇ ಕೈ ಎತ್ತುವ ರೂಢಿ ಮತ್ತೆ ಬಲವಾಗಿದ್ದು 20ನೇ ಶತಮಾನದಲ್ಲಿ. 1906ರಲ್ಲಿ ಲಾಸ್ ಏಂಜಲೀಸ್‌ನ ಅಜುಸಾ ಬೀದಿಯಲ್ಲಿ ಶುರುವಾದ ಉಜ್ಜೀವನ (ಭಕ್ತಿಯ ಹೊಸ ಅಲೆ) ಪೆಂತೆಕೋಸ್ತ್ ಸಭೆಗಳನ್ನು ಲೋಕದ ಎಲ್ಲ ಕಡೆ ಹರಡಿತು. 1967ರಿಂದ ಕ್ಯಾಥೋಲಿಕರಲ್ಲೂ ಅದೇ ಬಗೆಯ, ಕ್ಯಾರಿಸ್ಮ್ಯಾಟಿಕ್ ಎನ್ನುವ ಪ್ರಾರ್ಥನಾ ಕೂಟಗಳು ಬಂದವು. ಕ್ಯಾಥೋಲಿಕ್ ಗುರುಗಳಂತೂ ಬಲಿಪೂಜೆಯಲ್ಲಿ (ಮಾಸ್) ಕೈ ಬಿಡಿಸಿ ಪ್ರಾರ್ಥಿಸುವುದನ್ನು ಬಿಟ್ಟೇ ಇರಲಿಲ್ಲ.

ಹಾಗಾದರೆ ಕೈ ಎತ್ತದಿದ್ದರೆ ಪ್ರಾರ್ಥನೆ ಅಲ್ಲವಾ? ಖಂಡಿತ ಹಾಗಲ್ಲ. ಗೆತ್ಸೇಮನೆ ತೋಟದಲ್ಲಿ ಯೇಸು ಬೋರಲು ಬಿದ್ದು ಪ್ರಾರ್ಥಿಸಿದ. ಯೇಸು ಹೇಳಿದ ಕಥೆಯ ಸುಂಕದವನು ಕಣ್ಣನ್ನೂ ಮೇಲೆತ್ತದೆ ಎದೆ ಬಡಿದುಕೊಂಡ, ಅವನ ಪ್ರಾರ್ಥನೆಯೇ ಮೆಚ್ಚುಗೆಯಾಯಿತು. ಪಕ್ಕದವರು ಎತ್ತಿದರು ಅಂತ ಮುಜುಗರದಿಂದ ಎತ್ತಬೇಕಾಗಿಲ್ಲ. ಎತ್ತುವವರನ್ನು ನೋಡಿ ನಗುವುದೂ ಬೇಡ.

ಮದುವೆಗೋ ಅಂತ್ಯಕ್ರಿಯೆಗೋ ಚರ್ಚಿಗೆ ಹೋದ ಬೇರೆ ಧರ್ಮದವರು ಒಂದು ವಿಷಯ ತಿಳಿದಿದ್ದರೆ ಸಾಕು. ಕೊನೆಯಲ್ಲಿ ಪಾಸ್ಟರ್ ಜನರ ಕಡೆ ತಿರುಗಿ ಕೈ ಎತ್ತುತ್ತಾರೆ. ಅದು ಬೇಡಿಕೆಯಲ್ಲ, ಆಶೀರ್ವಾದ. ಬೇಥಾನ್ಯದ ಹತ್ತಿರ ಯೇಸು ಶಿಷ್ಯರನ್ನು ಹೀಗೇ ಕೈಗಳನ್ನೆತ್ತಿ ಹರಸಿದ ಎಂದು ಲೂಕ ತನ್ನ ಸುವಾರ್ತೆಯಲ್ಲಿ ಬರೆದಿದ್ದಾನೆ. ಆಗ ನೀವು ಕೈ ಎತ್ತುವುದು ಬೇಡ, ತಲೆ ಬಾಗಿಸಿ ನಿಂತರೆ ಆಯಿತು.