ಹಸು ಹೇಗೆ ಏಳುತ್ತದೆ, ನೋಡಿದ್ದೀರಾ?

ಯಾರದೇ ಕೊಟ್ಟಿಗೆಗೆ ಹೋದರೂ ನಾನು ಮೊದಲು ಮಲಗಿರುವ ಹಸುವೊಂದನ್ನು ಮೆಲ್ಲಗೆ ಎಬ್ಬಿಸುತ್ತೇನೆ. ಕೆಚ್ಚಲು, ಜ್ವರ ಎಲ್ಲ ಆಮೇಲೆ. ಹಸು ಏಳುವಾಗ ಮುಂಗಾಲಿನ ಮಂಡಿಯೂರಿ, ತಲೆಯನ್ನು ಮುಂದಕ್ಕೆ ಚಾಚಿ, ಮೊದಲು ಹಿಂಭಾಗವನ್ನು ಎತ್ತುತ್ತದೆ. ಕುದುರೆ ಹಾಗಲ್ಲ, ಅದು ಮುಂಗಾಲು ಮೊದಲು ಊರುತ್ತದೆ. ಮೊನ್ನೆ ನೋಡಿದ ಹಸು ಕುದುರೆಯಂತೆ ಏಳಲು ಹೆಣಗುತ್ತಿತ್ತು. ಮೂಗಿನೆದುರೇ ಗೋಡೆ, ಹಗ್ಗ ಗಿಡ್ಡ, ತಲೆ ಚಾಚಲು ಜಾಗವೇ ಇಲ್ಲ. ಬರಿ ಸಿಮೆಂಟು ನೆಲಕ್ಕೆ ಉಜ್ಜಿ ಉಜ್ಜಿ ಹಿಂಗಾಲಿನ ಕೀಲಿನ ಕೂದಲು ಉದುರಿ, ಚರ್ಮ ಕೆಂಪಗೆ ಊದಿಕೊಂಡಿತ್ತು.

“ಹಾಲೇನೂ ಕಮ್ಮಿ ಆಗಿಲ್ಲ ಡಾಕ್ಟ್ರೇ” ಎಂದರು ಯಜಮಾನರು.

ಅವರು ಕಟುಕ ಮನಸ್ಸಿನವರಲ್ಲ. ಹಾಲು ಚೆನ್ನಾಗಿದ್ದರೆ ಹಸುವೂ ಚೆನ್ನಾಗಿದೆ ಎಂದು ನಂಬಿದವರು. ನನ್ನ ಕೆಲಸದಲ್ಲಿ ಅತಿ ಹೆಚ್ಚು ನೋವು ಮುಚ್ಚಿಟ್ಟಿರುವುದು ಈ ನಂಬಿಕೆಯೇ. ಹೆಚ್ಚು ಹಾಲಿನ ತಳಿಯ ಹಸುವಿಗೆ ಕರು ಹಾಕಿದ ಮೊದಲ ವಾರಗಳಲ್ಲಿ ತಿಂದ ಮೇವು ಸಾಲುವುದಿಲ್ಲ. ತನ್ನ ಮೈಯ ಕೊಬ್ಬನ್ನೇ ಕರಗಿಸಿ ಹಾಲು ಮಾಡುತ್ತದೆ. ಒಂದು ಲೀಟರ್ ಹಾಲಿಗೆ ಸುಮಾರು 400ರಿಂದ 500 ಲೀಟರ್ ರಕ್ತ ಕೆಚ್ಚಲಿನ ಮೂಲಕ ಹಾದುಹೋಗಬೇಕು. ಹೀಗೆ ಮೈ ಸವೆಸಿಕೊಂಡು ಹಾಲು ಕೊಡುವ ಗುಣವನ್ನು ಆರಿಸಿ ಆರಿಸಿ ಬೆಳೆಸಿದವರು ನಾವೇ. ಪಕ್ಕೆಲುಬು ಎಣಿಸುವಂತಿರುವ ಹಸುವೂ ಪಾತ್ರೆ ತುಂಬಿಸುವುದು ಅದಕ್ಕೇ.

ಹಸುವಿಗೆ ದಿನದಲ್ಲಿ ಹೆಚ್ಚುಕಡಿಮೆ 12 ಗಂಟೆ ಮಲಗಬೇಕು. ಮೇವನ್ನೂ ಮಲಗುವುದನ್ನೂ ಕೆಲಹೊತ್ತು ತಡೆದು ಆಮೇಲೆ ಬಿಟ್ಟರೆ, ಹಸಿದಿದ್ದರೂ ಮೊದಲು ಮಲಗಲು ನೋಡುತ್ತದೆ. ಹಸು ಮಲಗುವ ಜಾಗದಲ್ಲಿ ನೀವೇ ಹತ್ತು ಸೆಕೆಂಡು ಮಂಡಿಯೂರಿ ನೋಡಿ. ಮಂಡಿ ನೊಂದರೆ ಅಥವಾ ಬಟ್ಟೆ ಒದ್ದೆಯಾದರೆ ಅಲ್ಲಿ ಯಾವ ಹಸುವೂ ನೆಮ್ಮದಿಯಾಗಿ ಮಲಗಲಾರದು. ಕೊಂಬು ಬೆಳೆಯದಂತೆ ಕರುವಿನ ಕೊಂಬಿನ ಮೊಳಕೆ ಸುಡುವ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ: ಮರಗಟ್ಟಿಸುವ ಚುಚ್ಚುಮದ್ದು ಕೊಡದೆ ಸುಡಬಾರದು, ಅಷ್ಟೇ.

ಗಂಡುಕರುವಿನದು ಅಷ್ಟು ಸುಲಭದ ಮಾತಲ್ಲ. ಹಾಲು ಬೇಕಾದರೆ ಹಸು ಕರು ಹಾಕಲೇಬೇಕು, ಹುಟ್ಟುವುದರಲ್ಲಿ ಅರ್ಧ ಗಂಡು. ಹೆಣ್ಣುಕರುವೇ ಹುಟ್ಟುವಂತೆ ಬೇರ್ಪಡಿಸಿದ ವೀರ್ಯ ಈಗ ಸಿಗುತ್ತದೆ. ಅದರಲ್ಲೂ ಸುಮಾರು ಹತ್ತಕ್ಕೊಂದು ಗಂಡಾಗುತ್ತದೆ. ಕರು ಹುಟ್ಟುವಾಗ ಅದರ ರಕ್ತದಲ್ಲಿ ರೋಗನಿರೋಧಕ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಅದು ಸಿಗುವುದು ಗಿಣ್ಣದ ಹಾಲಿನಿಂದ. ಆ ಹಾಲಿನ ಶಕ್ತಿಯನ್ನು ಹೀರಿಕೊಳ್ಳುವ ಕರುಳಿನ ಬಾಗಿಲು ಗಂಟೆಗಂಟೆಗೂ ಕಿರಿದಾಗಿ, 24 ಗಂಟೆಯೊಳಗೆ ಮುಚ್ಚಿಹೋಗುತ್ತದೆ. ‘ಹೇಗೂ ಗಂಡು’ ಎಂದು ಗಿಣ್ಣು ತಪ್ಪಿಸಿದ ಕರು ಕೆಲವೇ ದಿನಗಳಲ್ಲಿ ಭೇದಿ ಹತ್ತಿ ಸಾಯುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಯಾರೂ ಹೊಡೆದಿರುವುದಿಲ್ಲ. ಆದರೂ ನನ್ನ ಮಟ್ಟಿಗೆ ಅದು ಕೊಂದಂತೆಯೇ. ಆ ಕರುವನ್ನು ಹುಟ್ಟಿಸಿದವರು ನಾವು.

ಹಾಲನ್ನೇ ಬಿಡಬೇಕು ಎನ್ನುವವರ ವಾದವನ್ನು ನಾನು ತಳ್ಳಿಹಾಕಲಾರೆ. ಆದರೆ ಈ ಹೊತ್ತಿಗೆ ಕೊಟ್ಟಿಗೆಯಲ್ಲಿ ಕಟ್ಟಿರುವ ಹಸು ಆ ವಾದ ಮುಗಿಯುವವರೆಗೆ ಕಾಯುವಂತಿಲ್ಲ.

ಆ ದಿನ ಚೀಟಿಯಲ್ಲಿ ಮುಲಾಮಿನ ಹೆಸರಿಗಿಂತ ಮೇಲೆ ಮೂರು ಸಾಲು ಬರೆದೆ: ಹಗ್ಗ ಉದ್ದ ಬಿಟ್ಟು ಗೋಡೆಯಿಂದ ಹಿಂದೆ ಕಟ್ಟಿ, ನೆಲಕ್ಕೆ ದಪ್ಪಗೆ ಒಣಹುಲ್ಲು ಹಾಸಿ, ಗಬ್ಬವಾಗಿರುವ ಪಕ್ಕದ ಹಸು ಯಾವ ಕರು ಹಾಕಿದರೂ ಗಿಣ್ಣು ಕುಡಿಸಿ. ಯಜಮಾನರು ಓದಿ, ಮೂರನೆಯ ಸಾಲಿನ ಮೇಲೆ ಬೆರಳಿಟ್ಟರು.

“ಗಂಡಾದ್ರೂನಾ ಡಾಕ್ಟ್ರೇ?”

“ಹೂಂ, ಗಂಡಾದ್ರೂ. ಹುಟ್ಟಿ ಎರಡು ಗಂಟೆಯೊಳಗೆ.”